ಬೈಕಿನ ಜತೆ ಜಾಕೆಟ್ ಫ್ರೀ ಕೇಳಿದೆ

"ಆ ಜಾಕೆಟ್ಟನ್ನೂ ಸೇರಿಸಿ ಕೊಟ್ಟುಬಿಡಿ, ಈಗಲೇ ಡೀಲ್ ಮುಗಿಸೋಣ."

ನಾನು ಹಾಗೆಂದಿದ್ದೇ ತಡ, ಗ್ಲೆನ್ ಕೈಯಲ್ಲಿದ್ದ ಬೈಕಿನ ಕೀ ಅವನ ಜೇಬು ಸೇರಿತು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಕ್ಯಾನಿಂಗ್ಟನ್ನಿನ ಅವನ ಗ್ಯಾರೇಜಿನಲ್ಲಿ ನಿಂತು ಟೈರ್ ಸವೆದಿದೆ ಎಂದು ಒಂದಿಷ್ಟು, ಸೀಟು ಹರಿದಿದೆ ಎಂದು ಇನ್ನೊಂದಿಷ್ಟು ಬೆಲೆ ಇಳಿಸಿದ್ದೆ. (ಆಸ್ಟ್ರೇಲಿಯಾದ ಪರ್ತ್‌ಗೆ ಬಂದ ಹೊಸದರಲ್ಲಿ ಹಳೇ ಕಾರು ಕೊಂಡು ಮಾರಿಯೇ ಮೇಲೆ ಬಂದವನು ನಾನು. ಹೇಳಿದ ಬೆಲೆಗೆ ಕೊಂಡರೆ ನನಗೆ ನಿದ್ದೆ ಬರುವುದಿಲ್ಲ.)

ಬೈಕು ಬೇಕಾಗಿದ್ದದ್ದು ನನಗಲ್ಲ, ಮೇಜರ್ ಅಂಕಲ್‌ಗೆ. ಭಾರತದ ಸೇನೆಯಲ್ಲಿ ಡಾಕ್ಟರಾಗಿದ್ದವರು, ಈಗ ಜೂಂಡಲಪ್‌ನ ಕ್ಲಿನಿಕ್ಕೊಂದರಲ್ಲಿದ್ದಾರೆ. ನಮ್ಮ ಕನ್ನಡದವರ ಗೆಟ್-ಟುಗೆದರ್‌ಗಳಲ್ಲಿ ಅವರು ಬೇಕೆಂದರೆ ಕಾರ್ ಪಾರ್ಕಿಗೆ ಹೋಗಬೇಕು. ಒಳಗೆ ಹಾಡು, ಊಟ, ವೀಸಾ ಮಾತು. ಹೊರಗೆ ಅಂಕಲ್ ಒಬ್ಬರೇ ಅತ್ತಿಂದಿತ್ತ. ಕೂತರೆ ಮೊಣಕಾಲು ಕುಣಿಯುತ್ತದೆ. ಬಿಸಿಬೇಳೆಬಾತ್ ಕೂಡ ನಿಂತೇ ತಿನ್ನುತ್ತಾರೆ.

ನಾನು ಸಲಹೆ ಕೊಡದೆ ಬಿಟ್ಟೆನೇ? ಯೋಗ, ಬ್ಯಾಡ್ಮಿಂಟನ್, ಬಾಡಿಗೆಗೆ ಕೊಡಲು ಇನ್ನೊಂದು ಮನೆ, ಎಲ್ಲ ಹೇಳಿ ಮುಗಿಸಿದ್ದೆ. ಕೊನೆಗೆ ಆಂಟಿಯೇ ಫೋನ್ ಮಾಡಿದರು.

"ಮಾಜಿ ಸೈನಿಕರದ್ದು ಅದೇನೋ ಬೈಕ್ ಕ್ಲಬ್ ಅಂತೆ ಕಣಪ್ಪಾ. ಯಾವ ದೇಶದ ಸೈನ್ಯದವರಾದ್ರೂ ಸೇರ್ಬಹುದಂತೆ. ಅದರ ವಿಷಯ ಮಾತಾಡ್ತಾ ನಿನ್ನೆ ಪೂರ್ತಿ ಊಟ ಕೂತ್ಕೊಂಡೇ ಮಾಡಿದ್ರು. ಒಂದು ಬೈಕ್ ಕೊಡಿಸ್ಬಿಡು."

ಗ್ಲೆನ್ ಆ ಕ್ಲಬ್ಬಿನ ಹಳಬ. ಸೊಂಟ ನೋವೆಂದು ಎರಡನೇ ಬೈಕು ಮಾರುತ್ತಿದ್ದ. ಗೋಡೆಯ ಮೊಳೆಯಲ್ಲಿ ತೋಳಿಲ್ಲದ ಚರ್ಮದ ಜಾಕೆಟ್, ಅದರ ತುಂಬ ಬಟ್ಟೆಯ ಬ್ಯಾಡ್ಜುಗಳು. ಕ್ಲಬ್ ಸೇರುವವರಿಗೆ ಯೂನಿಫಾರ್ಮ್ ಬೇಕಲ್ಲ, ಸೆಕೆಂಡ್ ಹ್ಯಾಂಡ್ ಆದರೆ ಸಸ್ತಾ. ನನ್ನ ಲೆಕ್ಕದಲ್ಲಿ ತಪ್ಪೇನಿತ್ತು?

"ಅದನ್ನ ನನ್ನ ಹೆಂಡತಿ ಕೂಡ ಹಾಕ್ಕೊಳ್ಳೋ ಹಾಗಿಲ್ಲ, ಮೇಟ್," ಎಂದ ಗ್ಲೆನ್. ಹೊಸಬರು ತಿಂಗಳುಗಟ್ಟಲೆ ಬ್ಯಾಡ್ಜಿಲ್ಲದ ಬರೀ ಜಾಕೆಟ್ಟಿನಲ್ಲಿ ಎಲ್ಲರ ಹಿಂದೆ ಓಡಿಸಬೇಕು, ಆಮೇಲೆ ಎಲ್ಲರೂ ಒಪ್ಪಿದರೆ ಮಾತ್ರ ಬ್ಯಾಡ್ಜು. ಎದೆಯ ಭಾಗದಲ್ಲಿ ಹೊಲಿದಿದ್ದ ಸಣ್ಣ ಪಟ್ಟಿಗಳನ್ನು ತೋರಿಸಿದ. ಒಂದೊಂದರ ಮೇಲೂ ಒಂದೊಂದು ಹೆಸರು. "ಇವರು ನನ್ನ ಜೊತೆ ಯುದ್ಧಕ್ಕೆ ಹೋದವರು, ವಾಪಸ್ ಬರಲಿಲ್ಲ. ಇವರನ್ನೂ ಫ್ರೀ ಕೊಡ್ಲಾ?"

ನಾನು ಸಾರಿ ಕೇಳಿದೆ. (ಅಪರೂಪ.) ಗ್ಲೆನ್ ಗ್ಯಾರೇಜಿನ ಬಾಗಿಲು ಎಳೆಯಲು ಹೊರಟ. ಬೈಕೂ ಹೋಯಿತು, ಕ್ಲಬ್ಬೂ ಹೋಯಿತು ಅಂದುಕೊಂಡೆ.

ಅಷ್ಟು ಹೊತ್ತೂ ನನ್ನ ಹಿಂದೆ ಅತ್ತಿಂದಿತ್ತ ನಡೆಯುತ್ತಿದ್ದ ಅಂಕಲ್ ಜಾಕೆಟ್ಟಿನ ಮುಂದೆ ಹೋಗಿ ನಿಂತರು. ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಹೆಸರುಗಳನ್ನು ಒಂದೊಂದಾಗಿ ಓದಿದರು.

"ನನ್ನ ಹುಡುಗರ ಹೆಸರು ನಾನು ಎಲ್ಲೂ ಬರೆದಿಟ್ಟಿಲ್ಲ," ಎಂದರು ಇಂಗ್ಲಿಷಿನಲ್ಲಿ. "ಕೆಲವರು ನನ್ನ ಆಪರೇಷನ್ ಟೇಬಲ್ ಮೇಲೇ ಹೋದರು."

ಗ್ಲೆನ್ ಒಂದು ಸ್ಟೂಲ್ ಅವರತ್ತ ತಳ್ಳಿ, ಜೇಬಿನಿಂದ ಕೀ ತೆಗೆದು ಅವರ ಕೈಗಿಟ್ಟ. "ಭಾನುವಾರ ಬನ್ನಿ. ಎಲ್ಲರ ಹಿಂದೆ ಓಡಿಸಬೇಕು."

"ಹಿಂದೆಯೇ ಉಳಿದುಬಿಟ್ಟರೆ?" ನಾನು ಸುಮ್ಮನಿರಬೇಕಲ್ಲ.

"ಪ್ರತಿ ತಿರುವಿನಲ್ಲೂ ನಮ್ಮವನೊಬ್ಬ ನಿಂತಿರ್ತಾನೆ. ಕೊನೆಯವನು ದಾಟೋವರೆಗೂ ಕದಲಲ್ಲ."

ಗ್ಲೆನ್ ಮೊದಲು ಹೇಳಿದ್ದ ಬೆಲೆಯನ್ನೇ ಅಂಕಲ್ ಕೊಟ್ಟರು. ನಾನು ಇಳಿಸಿದ್ದೆಲ್ಲ ನೀರುಪಾಲು.

ಭಾನುವಾರ ಆಂಟಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹಿಂದೆಯೇ ಹೋದೆ. ಬೆಟ್ಟದ ರಸ್ತೆಯಲ್ಲಿ ಎಲ್ಲರೂ ಮುಂದೆ ಮಾಯ. ಅಂಕಲ್ ಮಾತ್ರ ಆಮೆ ವೇಗ. ಒಂದು ತಿರುವಿನಲ್ಲಿ ಬಿಳಿ ಗಡ್ಡದವನೊಬ್ಬ ಸುಡು ಬಿಸಿಲಲ್ಲಿ ಬೈಕಿನ ಪಕ್ಕ ನಿಂತಿದ್ದ. ಅಂಕಲ್ ಹತ್ತಿರ ಬಂದಾಗ ಕೈ ತೋರಿಸಿದ. ಅವರು ತಿರುಗಿದ ಮೇಲೆಯೇ ತನ್ನ ಬೈಕು ಹತ್ತಿದ.

"ಸಾಕು ಕಣಪ್ಪಾ, ನಾವು ವಾಪಸ್ ಹೋಗೋಣ," ಎಂದರು ಆಂಟಿ.

ಕಾರು ತಿರುಗಿಸಿದೆ. ಅವತ್ತಿನಿಂದ ಒಂದೇ ಯೋಚನೆ ಕೊರೆಯುತ್ತಿದೆ. ಅಷ್ಟು ವರ್ಷ ಅಂಕಲ್ ಕಾರ್ ಪಾರ್ಕಿನಲ್ಲಿ ಒಬ್ಬರೇ ಸುತ್ತುತ್ತಿದ್ದಾಗ, ಒಳಗೆ ಕೂತಿದ್ದ ನಮ್ಮಲ್ಲಿ ಒಬ್ಬರಾದರೂ ತಟ್ಟೆ ಹಿಡಿದು ಹೋಗಿ ಅವರ ಪಕ್ಕ ನಿಂತಿದ್ದರೇ?