ಬಳೆಗಾರ್ತಿ ಖಾಲಾ ಮತ್ತು ಒಂಬತ್ತು ತಿಂಗಳ ಸೂಜಿ

ಆಕೆಯ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಊರೂರಿನ ಹೆಂಗಸರ ಅಂಗೈ ಮಡಚಿ ಒತ್ತಿ ಒತ್ತಿ ಅದು ಹಾಗೇ ನಿಂತುಬಿಟ್ಟಿತ್ತು. ಉಗುರಿನ ಸುತ್ತ ಗಾಜು ಗೀರಿದ ಸಣ್ಣ ಗೆರೆಗಳು. ನಮ್ಮ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಹೆಬ್ಬೆರಳಿನ ಬುಡದಲ್ಲಿ ಒಂದು ಕಡೆ ಒತ್ತಿದಳೆಂದರೆ ಕೈಯಲ್ಲಿ ಮೂಳೆಯೇ ಇಲ್ಲವೇನೋ ಅನ್ನಿಸುತ್ತಿತ್ತು. ನಾವು ‘ಅಯ್ಯೋ’ ಎನ್ನುವಷ್ಟರಲ್ಲಿ ಬಳೆ ಮಣಿಕಟ್ಟು ದಾಟಿರುತ್ತಿತ್ತು. “ಆತು ಬೇಟಿ, ಆತು. ಅಳೂದಿದ್ರ ಮದಿವ್ಯಾಗ ಅಳು, ಈಗ್ಯಾಕ?” ಎನ್ನುತ್ತಿದ್ದಳು.

ನಾವೆಲ್ಲ ಆಕೆಯನ್ನು ಖಾಲಾ, ಅಂದರೆ ಚಿಕ್ಕವ್ವ, ಎಂದೇ ಕರೆದವರು. ಮನೆ ಬೀದರಿನ ಹಳೇ ಊರಿನ ಒಂದು ಗಲ್ಲಿಯಲ್ಲಿ. ಬೆಳಗಿನ ಬಸ್ಸಿಗೆ ಒಂದು ದಿನ ಭಾಲ್ಕಿ, ಒಂದು ದಿನ ಸಂತಪುರ, ಇನ್ನೊಂದು ದಿನ ಔರಾದ. ನಾನು ಭಾಲ್ಕಿಯಲ್ಲಿ ಬೆಳೆಯುವಾಗ ಆಕೆಯ ಹೆಗಲ ಮೇಲೆ ಬಳೆಯ ಮಲಾರ ಇರುತ್ತಿತ್ತು, ನನಗೆ ಮದುವೆಯಾಗಿ ಬೀದರಿನ ನೌಬಾದಕ್ಕೆ ಬರುವ ಹೊತ್ತಿಗೆ ಅದರ ಜಾಗಕ್ಕೆ ಎರಡು ಜಿಪ್ಪಿನ ಚೀಲ ಬಂದಿದ್ದವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ “ಸರ್ಕಾರ ನನ್ನ ಸಲುವಾಗೇ ಮಾಡ್ಯದ” ಎಂದು ಎಲ್ಲರೆದುರು ಸಾರಿ, ತಿರುಗುವ ಊರುಗಳನ್ನು ಇನ್ನಷ್ಟು ಹೆಚ್ಚಿಸಿಕೊಂಡಳು.

ಹೆಸರು ಆಕೆಗೆ ನೆನಪಿರುತ್ತಿರಲಿಲ್ಲ, ಕೈ ಮರೆಯುತ್ತಿರಲಿಲ್ಲ. ಬಳೆಯ ಅಳತೆಯೇ ನಮ್ಮೆಲ್ಲರ ಹೆಸರು. ನಾನು ಶಾಲೆಯಲ್ಲಿ ಟೀಚರಾದ ಮೇಲೂ ಆಕೆಗೆ ‘ಭಾಲ್ಕಿ ದೋ-ಚಾರ್’. ಬಾಣಂತನ ಮುಗಿಸಿ ಮೈ ತುಂಬಿಕೊಂಡು ಬಂದಾಗ ನನ್ನ ಕೈ ಹಿಡಿದು ನೋಡಿ, “ದೋ-ಛೇ ಆದ್ಯಲ್ಲ, ಏನ್ ತಿನಿಸ್ಯಾಳ ನಿಮ್ಮವ್ವ!” ಎಂದು ಓಣಿಗೆಲ್ಲ ಕೇಳುವ ಹಾಗೆ ನಕ್ಕಿದ್ದಳು.

ಬಳೆಗಾರರದೊಂದು ರೀತಿ ಉಂಟು. ಏರಿಸುವಾಗ ಒಡೆದ ಬಳೆ ಬಳೆಗಾರನದು, ತೊಡುವವಳು ಅದಕ್ಕೆ ದುಡ್ಡು ಕೊಡಬೇಕಿಲ್ಲ. ಖಾಲಾ ಅದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಳು. ಒಡೆದ ಚೂರನ್ನು ಮನೆಯವರಿಗೆ ಗುಡಿಸಲು ಬಿಡುತ್ತಿರಲಿಲ್ಲ. ಒದ್ದೆ ಅರಿವೆ ಹಿಡಿದು ತಾನೇ ನೆಲ ಒರೆಸಿ, ಗೀರಿದ ಕೈಗೆ ತಾನೇ ಅರಿಶಿನ ಹಚ್ಚಿ, ಮುಂದಿನ ಸಲ ಬಂದಾಗ ಮೊದಲು ಆ ಕೈಯನ್ನೇ ಕೇಳಿ ನೋಡುತ್ತಿದ್ದಳು. “ನನ್ನ ಕೈಯಾಗ ಒಡದದ್ದು ನಂದು” ಎನ್ನುತ್ತಿದ್ದಳು. ನಮ್ಮವ್ವ “ಇರ್ಲಿ ಬಿಡ್ರಿ ಖಾಲಾ” ಎಂದರೆ ಸಿಟ್ಟಿಗೇಳುತ್ತಿದ್ದಳು.

ಮಾತು ಬಹಳ. ಯಾರ ಮನೆಯಲ್ಲಿ ಕನ್ಯೆ, ಯಾರ ಮನೆಯಲ್ಲಿ ವರ, ಯಾವ ಸೊಸೆ ಮುನಿಸಿಕೊಂಡು ತವರಿಗೆ ಹೋದಳು ಎಲ್ಲ ಆಕೆಗೆ ಗೊತ್ತು. ಕೈ ಆಕೆಯ ಹಿಡಿತದಲ್ಲಿರುವಾಗ ಕೇಳದೆ ಎಲ್ಲಿಗೆ ಹೋಗುವುದು? ಗಂಡನಿಗೆ ಹೇಳದ್ದನ್ನು ಹೆಂಗಸರು ಆಕೆಗೆ ಹೇಳುತ್ತಿದ್ದರು, ಡಾಕ್ಟರು ಹೇಳಿದರೂ ಕೇಳದ್ದನ್ನು ಆಕೆಯಿಂದ ಕೇಳುತ್ತಿದ್ದರು. ಅಂಥ ಬಾಯಿಗೆ ಸುಳ್ಳೊಂದು ಸಿಕ್ಕರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡೆ. ಆ ಸುಳ್ಳು ಸಿಕ್ಕಿದ್ದು ನಮ್ಮ ಮನೆಯಲ್ಲೇ.

ಪಂಚಮಿಗೆ ಬಳೆ ತೊಡಿಸಲು ಬಂದಿದ್ದಳು. ನಾನೂ ತವರಿಗೆ ಹೋಗಿದ್ದೆ. ಅಂಗಳದಲ್ಲಿ ಅವ್ವನ ಕೈ ಹಿಡಿದು ಕೂತಿದ್ದಾಗ ನಮ್ಮ ಕಾಕಾ ಫೋನು ಹಿಡಿದು ಬಂದರು. ಕಾಕಾ ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ದಿನಾ ಎರಡು ಪೇಪರು ಓದುವವರು, ಆದರೆ ನಂಬುವುದು ಮಾತ್ರ ಫೋನನ್ನು. ಅದರಲ್ಲೊಂದು ವೀಡಿಯೋ. ಬಿಳಿ ಕೋಟಿನವನೊಬ್ಬ ಬೆರಳೆತ್ತಿ ಹೇಳುತ್ತಿದ್ದ: ಕೂಸುಗಳಿಗೆ ಒಂಬತ್ತು ತಿಂಗಳಿಗೆ ಹಾಕುವ ದಡಾರದ ಸೂಜಿಯಿಂದ ಹೆಣ್ಣುಮಕ್ಕಳ ಗರ್ಭ ಒಣಗುತ್ತದೆ, ಇದು ನಮ್ಮ ಜನವನ್ನು ಕಡಿಮೆ ಮಾಡಲು ಹೊರದೇಶದವರು ಹೂಡಿದ ಸಂಚು.

“ನೋಡ್ರಿ ಖಾಲಾ, ಡಾಕ್ಟರನೇ ಹೇಳ್ಲಾಕತ್ಯಾನ” ಎಂದರು ಕಾಕಾ.

ನಾನು ಸುಮ್ಮನಿರಲಿಲ್ಲ. “ಕಾಕಾ, ಬಿಳಿ ಕೋಟು ನಮ್ಮ ಸಾಲ್ಯಾಗ ನಾಟಕದ ಪೆಟಗ್ಯಾಗೂ ಅದಾವ. ಯಾವ ದವಾಖಾನಿ ಡಾಕ್ಟರ್ರಿ ಇಂವ?”

“ನಂಗೇನ್ ಗೊತ್ತು? ಬಂದದ್ದು ಮುಂದಕ್ಕ ಕಳಸೀನಿ, ಅಷ್ಟೇ” ಎಂದರು ಕಾಕಾ.

ಖಾಲಾಳ ಕೈಯಲ್ಲಿದ್ದ ಬಳೆ ಅಲ್ಲೇ ನಿಂತಿತು. ಆಕೆ ಅದನ್ನು ಯಾಕೆ ನಂಬಿದಳು ಎಂಬುದು ನನಗೆ ಆಮೇಲೆ ತಿಳಿಯಿತು. ಕುಬಸದ ಮನೆಯಲ್ಲಿ ಬಸುರಿಗೆ ಹಸಿರು ಬಳೆ ಏರಿಸುವಾಗ ಸುತ್ತ ಕೂತವರೆಲ್ಲ ತಮಗೂ ಎಂದು ಕೈ ಚಾಚುತ್ತಾರೆ. ಮಕ್ಕಳಾಗದವರು ಮಾತ್ರ ಸೆರಗಿನೊಳಗೆ ಕೈ ಎಳೆದುಕೊಳ್ಳುತ್ತಾರೆ. ಅದನ್ನು ಖಾಲಾಳಷ್ಟು ಹತ್ತಿರದಿಂದ ನೋಡಿದವರು ಯಾರೂ ಇಲ್ಲ. ಮನೆಯಲ್ಲಿ ಆಕೆಗೆ ಎರಡು-ಮೂರು ತಿಂಗಳ ಮೊಮ್ಮಗಳಿದ್ದಳು. ಹೆಣ್ಣಿನ ಹೊಟ್ಟೆಯ ಮಾತೆಂದ ಕೂಡಲೇ ಆಕೆಯ ಜೀವ ಹೆದರಿತು. ಹೆದರಿದ ಜೀವ ತನ್ನವರನ್ನೆಲ್ಲ ಎಚ್ಚರಿಸಲು ಹೊರಟಿತು. ಸುಳ್ಳು ಹಬ್ಬಿಸುವವರೆಲ್ಲ ದುಷ್ಟರೆಂದು ತಿಳಿದವರು ನಮ್ಮ ಖಾಲಾಳನ್ನು ನೋಡಬೇಕಿತ್ತು. ಪ್ರೀತಿಯಿಂದಲೂ ಸುಳ್ಳು ಹಬ್ಬುತ್ತದೆ, ಅದೂ ಬಲು ಬೇಗ.

ಅಂತೂ ಬಳೆಯ ಜೊತೆ ಆ ಮಾತೂ ಸಂತಪುರಕ್ಕೆ ಹೋಯಿತು, ಔರಾದಕ್ಕೆ ಹೋಯಿತು, ಫೋನಿಲ್ಲದ ಅಡುಗೆಮನೆಗಳಿಗೂ ಹೋಯಿತು. ಆಶಾ ಕಾರ್ಯಕರ್ತೆ ಬಂದರೆ ‘ಕೂಸು ಮಲಗ್ಯದ’ ಎಂಬ ಉತ್ತರ ಓಣಿಗೆಲ್ಲ ಒಂದೇ ಆಯಿತು.

ಬೇಸಿಗೆ ಇನ್ನೂ ಏರಿರಲಿಲ್ಲ, ಸಂತಪುರಕ್ಕೆ ಕೊಟ್ಟಿದ್ದ ನನ್ನ ತಂಗಿ ಫೋನು ಮಾಡಿದಳು. ಅವಳ ಮಗಳಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು.

“ಅಕ್ಕಾ, ನಮ್ಮತ್ತಿ ಕೂಸಿಗಿ ಸೂಜಿ ಮಾಡ್ಸಗೊಡವಲ್ರು. ಖಾಲಾ ಬ್ಯಾಡಂದಾಳಂತ. ಓಣ್ಯಾಗ ಗೊಬ್ಬರ ಬಂದದ ಅಕ್ಕಾ. ಸುನಂದಾನ ಮಗಳು ಬೀದರ ದವಾಖಾನ್ಯಾಗ ಅದಾಳ, ಕಣ್ಣ ತೆರೀವಲ್ಲದಂತ.” ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಸುನಂದಾ ತಂಗಿಯ ಪಕ್ಕದ ಮನೆಯವಳು. ಅವಳೂ ಖಾಲಾಳ ಮಾತು ಕೇಳಿ ಸೂಜಿ ತಪ್ಪಿಸಿದವಳು. ತಂಗಿ ಅಳುತ್ತಿದ್ದಳು. ಅವಳ ಕೂಸನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದೊಂದೇ ನನ್ನ ತಲೆಯಲ್ಲಿ.

ಆಟೋ ಹಿಡಿದು ನೇರ ಖಾಲಾಳ ಗಲ್ಲಿಗೆ ಹೋದೆ. ಆಕೆ ನೆಲದ ಮೇಲೆ ಬಳೆ ಹರವಿಕೊಂಡು ಆರಿಸುತ್ತಿದ್ದಳು, ಸೊಸೆ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನಾನು ಕೂರಲೂ ಇಲ್ಲ.

“ಖಾಲಾ, ಸಂತಪುರದಾಗ ಏನ್ ಹೇಳಿ ಬಂದೀರಿ?”

“ಕೆಟ್ಟದ್ದು ಹೇಳೀನೇನು? ಹೆಣಮಕ್ಕಳ ಹೊಟ್ಟಿ ತಣ್ಣಗಿರ್ಲಿ ಅಂತ ಹೇಳೀನಿ” ಎಂದಳು, ಮುಖವೆತ್ತದೆ.

ನಾನು ಟೀಚರಲ್ಲವೇ, ಪಾಠ ಶುರು ಮಾಡಿದೆ. ರೋಗಾಣು, ಲಸಿಕೆ, ಪರೀಕ್ಷೆ ಎಲ್ಲ ಹೇಳಿದೆ. ಆಕೆ ಕೆಂಪು ಬಳೆ ಒಂದು ಕಡೆ, ಹಸಿರು ಒಂದು ಕಡೆ ಇಡುತ್ತ ಹೋದಳು. ನನ್ನ ಪಾಠ ಗೋಡೆಗೆ ಬಿತ್ತು. ಕೊನೆಗೆ ಸಿಟ್ಟು ಬಂದು ಕೈ ಮುಂದೆ ಚಾಚಿದೆ. “ಇದೇ ಸೂಜಿ ನಮ್ಮವ್ವ ನನಗೂ ಮಾಡ್ಸ್ಯಾಳ. ನನ್ನ ಕುಬಸಕ್ಕ ಹಸಿರ ಬಳಿ ಏರಿಸಿದವರು ಯಾರ್ರಿ?”

ಬಳೆ ಆರಿಸುವುದು ನಿಂತಿತು.

“ನೀ ಒಬ್ಬಾಕಿ” ಎಂದಳು.

“ನನ್ನ ತಂಗಿ?”

ಆಕೆ ಹಸಿರು ಬಳೆಯೊಂದನ್ನು ಕೈಗೆತ್ತಿಕೊಂಡಳು. ಆಮೇಲೆ ತನ್ನಷ್ಟಕ್ಕೇ ಶುರುಮಾಡಿದಳು. “ಭಾಲ್ಕಿ ಬಸ್‌ಸ್ಟ್ಯಾಂಡ್ ಹಿಂದಿನ ದೋ-ಛೇ... ಆಕಿ ಅವಳಿ ಹಡದಾಳ. ಔರಾದ ಹಿಟ್ಟಿನ ಗಿರಣಿಯಾಕಿ, ಸಣ್ಣ ಕೈ, ದೋ-ದೋ... ಮೊನ್ನಿನೇ ಕುಬಸ ಮಾಡೀವಿ.” ಒಂದೊಂದೇ ಕೈ ನೆನಪಿಸಿಕೊಂಡಳು. ಎಲ್ಲ ನನ್ನ ವಯಸ್ಸಿನವರು, ನನಗಿಂತ ಕಿರಿಯರು, ಹುಟ್ಟಿದಾಗಿನಿಂದ ಸೂಜಿ ಹಾಕಿಸಿಕೊಂಡೇ ಬೆಳೆದವರು. ಕಡೆಗೆ ಸೊಸೆಯ ಕಡೆ ತಿರುಗಿದಳು. “ನಿಂಗೂ ಮಾಡ್ಸಿದ್ರೇನು?”

“ಹೌ ಅಮ್ಮೀ, ಎಲ್ಲಾ ಮಾಡ್ಸ್ಯಾರ” ಎಂದಳು ಸೊಸೆ. ಅವಳ ತೊಡೆಯ ಮೇಲೆ ಮೊಮ್ಮಗಳು ಹಾಲು ಕುಡಿಯುತ್ತಿದ್ದಳು.

“ಯಾ ಅಲ್ಲಾ” ಎಂದಳು ಖಾಲಾ. “ಇವರೆಲ್ಲರ ಕೈ ನಾ ಹಿಡದೀನಿ. ಆ ಕೋಟಿನವನ ಕೈ ಒಂದಿನಾ ಹಿಡದಿಲ್ಲ. ಅವನ ಮಾತ್ಯಾಕ ಕೇಳಿದೆ ನಾ?”

ಸುನಂದಾನ ಮಗಳು ದವಾಖಾನೆಯಲ್ಲಿರುವುದನ್ನು ಆಗ ಹೇಳಿದೆ. ಬಳೆಗಳನ್ನು ಹರವಿದಲ್ಲೇ ಬಿಟ್ಟು ಎದ್ದು ಬುರ್ಖಾ ಹಾಕಿಕೊಂಡಳು. ದವಾಖಾನೆಯಲ್ಲಿ ಸುನಂದಾ ಆಕೆಯನ್ನು ನೋಡಿ ಗೋಡೆಯ ಕಡೆ ತಿರುಗಿದಳು. ಹಿಂದಕ್ಕೆ ಬರುವಾಗ ನಾನು, ಎಲ್ಲರಿಗೂ ಫೋನು ಮಾಡಿ ಹೇಳೋಣ ಎಂದೆ.

“ಫೋನಿನ್ಯಾಗ ಹೇಳಿಲ್ಲ ನಾ, ಕೈ ಹಿಡದು ಹೇಳೀನಿ. ನನ್ನ ಕೈಯಾಗ ಒಡದದ್ದು, ನಾನೇ ಹೋಗಬೇಕು.”

ಮರುದಿನವೇ ಸಂತಪುರಕ್ಕೆ ಹೋದಳು. ತಂಗಿಯ ಅತ್ತೆ ಬಾಗಿಲಲ್ಲೇ ನಿಲ್ಲಿಸಿದರು. “ಪಂಚಮ್ಯಾಗ ಒಂದ್ ಹೇಳಿದಿ, ಈಗೊಂದ್ ಹೇಳ್ತಿ. ದವಾಖಾನಿಯವರು ಏನ್ ಕೊಟ್ಟಾರ ನಿಂಗ?” ಎಂದರು. ಸುಳ್ಳು ಬಂದಾಗ ಅದು ಎಲ್ಲಿಂದ ಬಂತೆಂದು ಕೇಳದ ಓಣಿ, ಖರೆ ಮಾತಿಗೆ ಜಾಮೀನು ಕೇಳಿತು. ಖಾಲಾ ಜಗಳಕ್ಕೆ ನಿಲ್ಲಲಿಲ್ಲ. ಗುರುವಾರ ಅಂಗನವಾಡಿಯಲ್ಲಿ ಸೂಜಿ ಹಾಕುವ ದಿನ. ಅಂದು ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಬೀದರಿನಿಂದ ಬಸ್ಸಿಗೆ ಬಂದಳು. ಬೀದರಿನಲ್ಲಿ ಮನೆಯ ಹತ್ತಿರವೇ ಹಾಕುತ್ತಿದ್ದ ಸೂಜಿಗೆ ಸಂತಪುರದ ತನಕ! ನಾನೂ ರಜೆ ಹಾಕಿ ಹೋಗಿದ್ದೆ.

ಹೆಂಗಸರ ನಡುವೆ ಕೂಸನ್ನು ಎತ್ತಿ ಹಿಡಿದಳು. “ಇದು ನನ್ನ ಮಗನ ಮಗಳು. ನಾ ಹೇಳಿದ್ದು ಸುಳ್ಳದ. ಯಾರದೋ ಮಾತ ಕೇಳಿ ಹೇಳೀನಿ. ಇಕಿಗೂ ಬ್ಯಾಡಂದಿದ್ದೆ, ಈಗ ನಿಮ್ಮ ಮುಂದೇ ಮಾಡಸ್ತೀನಿ, ನೋಡ್ರಿ.” ಸಿಸ್ಟರ್ ಸೂಜಿ ಹಾಕಿದರು. ಕೂಸು ಕಿರುಚಿತು. ಕೂಸಿಗಿಂತ ಹೆಚ್ಚು ಅತ್ತವಳು ಖಾಲಾ. ಆಮೇಲೆ ಬಸ್ಸು ಹತ್ತಲಿಲ್ಲ. ತಂಗಿಯ ಮನೆಯ ಕಟ್ಟೆಯ ಮೇಲೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಸಂಜೆಯ ತನಕ ಕೂತಳು. ನೀರಿಗೆ ಹೋಗುವವರು, ಹೊಲದಿಂದ ಬರುವವರು ಎಲ್ಲರೂ ಇಣುಕಿ ನೋಡಿಯೇ ಮುಂದೆ ಹೋದರು. ಆದರೆ ಅಂದು ಯಾರೂ ತಮ್ಮ ಕೂಸು ತರಲಿಲ್ಲ.

ಮುಂದಿನ ಗುರುವಾರ ಮತ್ತೆ ಬಂದಳು, ಮೊಮ್ಮಗಳನ್ನು ಎತ್ತಿಕೊಂಡೇ. ನಡುವೆ ಕೂಸಿನ ಮೈ ಒಂದು ದಿನ ಬೆಚ್ಚಗಾಗಿತ್ತು ಎಂಬುದನ್ನೂ ಆಕೆ ಮುಚ್ಚಿಡಲಿಲ್ಲವಂತೆ. ತಂಗಿಯ ಅತ್ತೆ ಕೂಸನ್ನು ಎತ್ತಿಕೊಂಡು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರಂತೆ. ಆಮೇಲೆ ಒಳಗೆ ತಿರುಗಿ ನನ್ನ ತಂಗಿಗೆ, “ಸಿಸ್ಟರ್ ಹೋಗೂದ್ರಾಗ ನಿನ್ನ ಮಗಳಿಗಿ ಮಾಡಿಸ್ಕೊಂಡ್ ಬಾ” ಎಂದರಂತೆ. ತಂಗಿ ಚಪ್ಪಲಿ ಹಾಕಿಕೊಳ್ಳದೇ ಓಡಿದಳು. ಈಗ ಆ ಮಗಳು ಅದೇ ಅಂಗನವಾಡಿಗೆ ಹೋಗುತ್ತಾಳೆ, ನನ್ನನ್ನು ಕಂಡರೆ ಚೀಲದಲ್ಲಿ ಏನು ತಂದಿದ್ದೀ ಎಂದು ಹುಡುಕುತ್ತಾಳೆ. ಅವಳನ್ನು ಎತ್ತಿಕೊಂಡಾಗಲೆಲ್ಲ ಖಾಲಾಳ ಋಣ ನನ್ನ ಮೇಲಿದೆ ಎಂದು ನಾನು ಅಂದುಕೊಳ್ಳುವುದು ಸುಮ್ಮನೆ ಅಲ್ಲ.

ಕಾಕಾನಿಗೆ ಇದನ್ನೆಲ್ಲ ಹೇಳಿದೆ. “ಆ ವೀಡಿಯೋ ಅಳಿಸಿಬಿಟ್ಟೀನಲ್ಲ” ಎಂದರು. ಅವರ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಸುನಂದಾನ ಮಗಳು ಬದುಕಿ ಮನೆಗೆ ಬಂದಳು, ಆದರೆ ಕಿವಿ ಹೋಗಿತ್ತು. ಬಾಗಿಲು ಬಡಿದರೂ ತಿರುಗಿ ನೋಡುತ್ತಿರಲಿಲ್ಲ. ಅಂದಿನಿಂದ ಖಾಲಾಳ ತಿರುಗಾಟದ ಕ್ರಮವೇ ಬದಲಾಯಿತು. ಪಂಚಮಿಯಲ್ಲಿ ಆ ಮಾತು ಹೇಳಿದ್ದ ಒಂದೊಂದು ಮನೆಗೂ ಹೋದಳು. ಚೀಲದ ಜಿಪ್ಪು ತೆಗೆಯುವ ಮುಂಚೆ, “ಮೊದ್ಲ ಮಾತು, ಆಮ್ಯಾಲ ಬಳಿ. ನಾ ಹೇಳಿದ್ದು ಸುಳ್ಳಿತ್ತು, ಕೂಸಿಗಿ ಸೂಜಿ ಮಾಡಸ್ರಿ” ಎನ್ನುತ್ತಿದ್ದಳು. ಕೆಲವರು ನಕ್ಕರು, ಕೆಲವರು ಬೈದರು, ಕೆಲವರು ಬಳೆಗೆ ಪೇಟೆಯ ಅಂಗಡಿ ಹಿಡಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಮಕ್ಕಳಿಗೆ ವರ್ಷವೂ ಬರೆಸುತ್ತೇನೆ. ಖಾಲಾ ಅದನ್ನು ಒಪ್ಪಿದವಳಲ್ಲ. ಆಡಿದ ಮಾತಿನ ಬೆನ್ನು ಹತ್ತಿ ಬಸ್ಸಿನಲ್ಲಿ ಹೋದ ಮನುಷ್ಯರನ್ನು ನಾನು ಆಕೆಯೊಬ್ಬಳನ್ನೇ ಕಂಡಿದ್ದೇನೆ.

ಸಂತಪುರಕ್ಕೆ ಹೋದಾಗ ಮೊದಲ ಬಾಗಿಲು ಸುನಂದಾನದು. ಅದು ತೆರೆಯುತ್ತಿರಲಿಲ್ಲ. ಖಾಲಾ ಹೊರಗೇ ನಿಂತು ಹೇಳುವುದನ್ನು ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದಳು. “ಇನ್ ಸಾಕ್ರಿ ಖಾಲಾ, ಓಣ್ಯಾಗ ಎಲ್ಲರೂ ಮಾಡ್ಸ್ಯಾರ” ಎಂದು ನಾನೊಮ್ಮೆ ಹೇಳಿದೆ. “ಆಕಿ ಇನ್ನೊಂದು ಹಡದಾಳ. ಅದಕ್ಕ ಆಗ್ಲಿ, ಆಮ್ಯಾಲ ಸಾಕಂತೀನಿ” ಎಂದಳು.

ಹಾಗೆನ್ನುವ ದಿನ ಆಕೆಗೆ ಬರಲಿಲ್ಲ. ಈ ವರ್ಷ ಒಂದು ಬೆಳಿಗ್ಗೆ, ಬಸ್ಸಿಗೆಂದು ಚೀಲ ತುಂಬುತ್ತಿದ್ದವಳು ಅಲ್ಲೇ ಕುಸಿದಳು, ಮತ್ತೆ ಏಳಲಿಲ್ಲ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಗಲ್ಲಿ ತುಂಬಿತ್ತು. ಭಾಲ್ಕಿಯಿಂದ ನಮ್ಮವ್ವ ಬಂದಳು. ಮಧ್ಯಾಹ್ನ, ಜನಾಜಾ ಎತ್ತುವ ಮುಂಚೆ, ಔರಾದ ಬಸ್ಸಿಗೆ ಸಂತಪುರದ ಹೆಂಗಸರು ಬಂದಿಳಿದರು. ಅವರ ಹಿಂದೆ ಸುನಂದಾ ಇದ್ದಳು, ಕಂಕುಳಲ್ಲಿ ಕೂಸು, ಬೆರಳು ಹಿಡಿದುಕೊಂಡು ದೊಡ್ಡ ಮಗಳು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತಳು.

“ಮೊನ್ನಿ ಗುರುವಾರ ಇದಕ್ಕ ಮಾಡ್ಸೀನ್ರಿ ಟೀಚರ್, ಒಂಬತ್ತು ತಿಂಗಳ ಸೂಜಿ” ಎಂದಳು ನನಗೆ. “ಈ ಸಲ ಖಾಲಾ ಬಂದ್ರ ಬಾಗ್ಲಾ ತೆಗದು ಹೇಳಬೇಕಂತ ಮಾಡಿದ್ದೆ.”

“ಈಗರೆ ಹೇಳವ್ವ” ಎಂದು ನಾನು ದಾರಿ ಬಿಟ್ಟೆ.

ಸುನಂದಾ ಒಳಗೆ ಹೋಗಿ ಖಾಲಾಳ ತಲೆಯ ಹತ್ತಿರ ಕೂತು, ಕೂಸನ್ನು ಮುಂದಕ್ಕೆ ಹಿಡಿದು ಎಲ್ಲ ಹೇಳಿದಳು. ದೊಡ್ಡ ಮಗಳು ಪಕ್ಕದಲ್ಲಿ ನಿಂತು ಅವ್ವನ ತುಟಿಗಳನ್ನೇ ನೋಡುತ್ತಿದ್ದಳು.