ಬುರುಜು ಮಾಯವಾದ ಮಧ್ಯಾಹ್ನ

೧೯೮೭ರಲ್ಲಿ ನಾನು ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದೆ. ಊರು ದೇವದುರ್ಗ. ದಿನಾ ಬಸ್ಸಿನಲ್ಲಿ ಓಡಾಡುವುದು ಆಗದೆ ಸ್ಟೇಷನ್ ರಸ್ತೆಯ ಹತ್ತಿರ ಒಂದು ಕೋಣೆ ಹಿಡಿದಿದ್ದೆ. ಕೊನೆಯ ವರ್ಷದ ಆಯ್ದ ವಿದ್ಯಾರ್ಥಿಗಳಿಗೆಂದು ಆನರ್ಸ್ ಪತ್ರಿಕೆಯೊಂದನ್ನು ಶುರುಮಾಡಲು ಆ ವರ್ಷ ವಿಶ್ವವಿದ್ಯಾಲಯ ಒಪ್ಪಿತ್ತು. ವಿಷಯ ಅಡ್ವಾನ್ಸ್‌ಡ್ ಕಂಪ್ಯೂಟರ್ ಗ್ರಾಫಿಕ್ಸ್, ಅಂದರೆ ಕಂಪ್ಯೂಟರಿನಿಂದ ಚಿತ್ರ ಬರೆಯಿಸುವ ಗಣಿತ. ಕಲಿಸುವ ಹೊಣೆ ನನ್ನ ಕೊರಳಿಗೆ ಬಿತ್ತು.

ಹೆಸರು ಕೇಳಿ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "ಇರೋದು ಒಂದ ಡಬ್ಬಿ, ಅದಕ್ಕ ಅಡ್ವಾನ್ಸ್‌ಡ್ ಬ್ಯಾರೆ!" ಎಂದು ಕೆಮಿಸ್ಟ್ರಿ ಮಾಸ್ತರರು ನನ್ನ ಕಾಲೆಳೆಯುತ್ತಿದ್ದರು. ಚಿತ್ರ ಬರೆಯಬಲ್ಲ ಪಿಸಿ ನಮ್ಮಲ್ಲಿ ಒಂದೇ ಇತ್ತೆಂಬುದು ನಿಜ. ಪರದೆಯ ಮೇಲೆ ಹಸಿರು ಗೆರೆ ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಆದರೂ ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು, ದೇವರ ಕೋಣೆಗೆ ಹೋದಂತೆ ಲ್ಯಾಬಿನೊಳಗೆ ಹೋಗುತ್ತಿದ್ದೆವು. ರಾಯಚೂರಿನ ಬಿಸಿಲಿಗೆ ಕಾಲೇಜಿನಲ್ಲಿ ತಣ್ಣಗಿದ್ದ ಕೋಣೆಯೂ ಅದೊಂದೇ. ನಗುತ್ತಿದ್ದ ಆ ಕೆಮಿಸ್ಟ್ರಿ ಮಾಸ್ತರರೂ ಏನಾದರೊಂದು ನೆವ ತೆಗೆದು ಬಂದು ಕೂರುತ್ತಿದ್ದರು. ಆ ಕೋಣೆಯ ವಾಸನೆ, ಫ್ಲಾಪಿ ತಿರುಗುವಾಗಿನ ಕಟಕಟ ಸದ್ದು ನೆನಪಾದರೆ ಈಗಲೂ ಅಲ್ಲಿ ಹೋಗಿ ಕೂರಬೇಕೆನಿಸುತ್ತದೆ.

ಪತ್ರಿಕೆ ತೆಗೆದುಕೊಂಡವರು ಇಬ್ಬರೇ. ವಾದಿರಾಜ ಮಾನ್ವಿಯವನು, ತಂದೆ ಅಲ್ಲಿಯ ದೇವಸ್ಥಾನದಲ್ಲಿ ಪೂಜೆಗಿದ್ದರು. ನಸ್ರೀನ್ ರಾಯಚೂರಿನವಳೇ, ಮಾರ್ಕೆಟ್ಟಿನಲ್ಲಿ ಅವಳ ತಂದೆಯ ಬಟ್ಟೆ ಅಂಗಡಿ. ಅವಳಿಗೆ ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಟ್ರೈನಿ ಹುದ್ದೆ ಗೊತ್ತಾಗಿತ್ತು, ಆ ಬೇಸಿಗೆಯಲ್ಲೇ ಡಿಗ್ರಿ ಕೈಗೆ ಬರಬೇಕೆಂಬ ಷರತ್ತಿನ ಮೇಲೆ. ಆನರ್ಸ್ ಪತ್ರಿಕೆಯಲ್ಲಿ ಫೇಲಾದರೆ ಡಿಗ್ರಿಯೇ ಒಂದು ವರ್ಷ ಮುಂದೆ ಹೋಗುತ್ತಿತ್ತು. "ಯಾಕವ್ವಾ ಈ ಉಸಾಬರಿ, ಸಾದಾ ಪತ್ರಿಕಿ ತಗೋ" ಎಂದು ನಾನೇ ಹೇಳಿದ್ದೆ. "ಇಲ್ರೀ ಮೇಡಂ, ಗೆರಿ ತಿರುಗೂದು ನೋಡಬೇಕು" ಎಂದಳು. ಅಂಥ ಹಟಕ್ಕೆ ನಾನು ಸೋಲುತ್ತೇನೆ.

ಪ್ರಾಜೆಕ್ಟಿಗೆ ನಮ್ಮೂರು ದೇವದುರ್ಗದ ಕೋಟೆಯ ಒಂದು ಬುರುಜನ್ನೇ ಆರಿಸಿಕೊಂಡೆವು. ದುಂಡನೆಯ ಬುರುಜನ್ನು ಲೆಕ್ಕಕ್ಕೆ ಸುಲಭವಾಗಲೆಂದು ಎಂಟು ಚಪ್ಪಟೆ ಗೋಡೆಗಳಿಗೆ ಇಳಿಸಿದೆವು. ಅದು ಪರದೆಯ ಮೇಲೆ ನಿಧಾನವಾಗಿ ತಿರುಗಬೇಕು. ತಿರುಗುವಾಗ ನಮ್ಮ ಕಡೆಗಿರುವ ಗೋಡೆಗಳು ಮಾತ್ರ ಕಂಡು, ಹಿಂದಿನವು ಮರೆಯಾಗಬೇಕು. ಯಂತ್ರಕ್ಕೆ ಕಣ್ಣಿಲ್ಲವಲ್ಲ, ಯಾವುದು ಮುಂದು ಯಾವುದು ಹಿಂದು ಎಂದು ಅದಕ್ಕೆ ಹೇಗೆ ತಿಳಿಯಬೇಕು? ಅದಕ್ಕೊಂದು ಉಪಾಯವಿದೆ. ಪ್ರತಿ ಗೋಡೆಯನ್ನು ಹೊರಗಿನಿಂದ ನೋಡುತ್ತ, ಅದರ ನಾಲ್ಕು ಮೂಲೆಗಳನ್ನು ಒಂದು ಸುತ್ತು ಬಂದ ಹಾಗೆ ಅನುಕ್ರಮವಾಗಿ ಕೊಡುತ್ತೇವೆ. ಗೋಡೆ ಹಿಂಬದಿಗೆ ಹೋದಾಗ ಆ ಸುತ್ತು ಉಲ್ಟಾ ಕಾಣುತ್ತದೆ, ಅಂಗಡಿಯ ಗಾಜಿನ ಮೇಲಿನ ಅಕ್ಷರವನ್ನು ಒಳಗೆ ನಿಂತು ನೋಡಿದ ಹಾಗೆ. ಉಲ್ಟಾ ಕಂಡ ಗೋಡೆಯನ್ನು ಯಂತ್ರ ಬಿಟ್ಟುಬಿಡುತ್ತದೆ. ನಮ್ಮಲ್ಲಿದ್ದ ಪುಸ್ತಕದಲ್ಲಿ ಎಲ್ಲ ಗೋಡೆಗಳನ್ನೂ ಒಂದೇ ಕ್ರಮದಲ್ಲಿ ಸುತ್ತಬೇಕು ಎಂದಷ್ಟೇ ಇತ್ತು.

ಕೆಲಸವನ್ನು ಇಬ್ಬರೂ ಅಕ್ಕಪಕ್ಕದ ನಾಲ್ಕು ನಾಲ್ಕು ಗೋಡೆಗಳಂತೆ ಹಂಚಿಕೊಂಡರು. ತಮ್ಮ ತಮ್ಮ ಗೋಡೆಗಳನ್ನು ತಾವೇ ಬರೆದ ಪ್ರೋಗ್ರಾಮಿನಲ್ಲಿ ಪರೀಕ್ಷಿಸಿದರು. ಎರಡೂ ಚೆಂದ ಬಂದವು. ಗುಲ್ಬರ್ಗಾದಿಂದ ಎಕ್ಸಾಮಿನರ್ ಬರುವ ಹಿಂದಿನ ದಿನ ಮಧ್ಯಾಹ್ನ ಎರಡನ್ನೂ ಜೋಡಿಸಿ, ನಸ್ರೀನಳ ಪ್ರೋಗ್ರಾಮಿನಲ್ಲೇ ಓಡಿಸಿದೆವು. ಅವಳ ಗೋಡೆಗಳು ಮುಂದೆ ಬಂದಾಗ ಅವುಗಳ ಹಿಂದಿನ ಗೋಡೆಗಳೂ ಕಂಡು ಬುರುಜು ಗಾಜಿನದಾಯಿತು. ಅರ್ಧ ಸುತ್ತು ತಿರುಗಿ ವಾದಿರಾಜನ ಗೋಡೆಗಳು ಮುಂದೆ ಬಂದವೋ ಇಲ್ಲವೋ, ಬುರುಜೇ ಮಾಯ! ಪರದೆಯ ತುಂಬ ಬರೀ ಕತ್ತಲೆ.

ಸೂತ್ರ ತಿರುವಿಹಾಕಿದೆವು, ಒಂದೊಂದು ಅಂಕಿಯನ್ನೂ ಓದಿ ತಾಳೆ ನೋಡಿದೆವು. ಎಲ್ಲವೂ ಸರಿ ಇತ್ತು.

"ನಂದು ಸರಿ ಅದರೀ ಮೇಡಂ" ಎಂದ ವಾದಿರಾಜ.

"ಹಂಗಾದ್ರ ನಂದು ತಪ್ಪೇನು?" ನಸ್ರೀನ್ ಅವನ ಕಡೆ ತಿರುಗಿದಳು. "ನಿನಗೇನಪಾ, ಒಂದ್ ವರ್ಷ ಹೋದ್ರ ಹೋಗ್ತದ. ನನ್ನ ನೌಕರಿ ಕಾಯ್ತದೇನು?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ತುಂಬಿದ ಕಣ್ಣು ನೋಡಿ ಅದು ಇನ್ನಷ್ಟು ಏರಿತು. ಚಾಕ್ ತೆಗೆದು ಬೋರ್ಡಿನ ಮೇಲೆ ಒಂದು ಚೌಕ ಗೀಚಿ ಗದರಿದೆ: "ಜಗಳ ಸಾಕು. ಇದ ಗೋಡಿ ಅಂತ ತಿಳೀರಿ. ಹೆಂಗ ಸುತ್ತಿದ್ರಿ, ಬೆರಳಿಟ್ಟು ತೋರಿಸ್ರಿ."

ವಾದಿರಾಜ ಮೇಲಿನ ಎಡಮೂಲೆಯಿಂದ ಬಲಕ್ಕೆ ಹೋಗಿ, ಕೆಳಗಿಳಿದು, ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ಬಂದ. ನಸ್ರೀನ್ ಅದೇ ಮೂಲೆಯಲ್ಲಿ ಬೆರಳಿಟ್ಟು ಕೆಳಗಿಳಿದು, ಸರಿಯಾಗಿ ಅವನ ಎದುರು ದಿಕ್ಕಿನಲ್ಲಿ ಬಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

"ಅದ್ಯಾಕ ಹಂಗ ಸುತ್ತಿದಿ?" ವಾದಿರಾಜ ಬೆರಗಾಗಿ ಕೇಳಿದ. "ಪ್ರದಕ್ಷಿಣಿ ಅಂದ್ರ ಹಿಂಗ ಅಲ್ಲೇನು? ಸಣ್ಣಾಂವ ಇದ್ದಾಗಿಂದ ಅಪ್ಪನ ಹಿಂದ ಹಿಂಗ ಸುತ್ತೀನಿ."

"ನಮ್ಮ ದಾದಿ, ಅಪ್ಪನ ಅವ್ವ, ಹಜ್‌ಗೆ ಹೋಗಿ ಬಂದಿದ್ರು" ಎಂದಳು ನಸ್ರೀನ್. "ಕಾಬಾದ ಸುತ್ತ ಹೆಂಗ ನಡದ್ರು ಅಂತ ನೆಲದ ಮ್ಯಾಲ ಬೆರಳಿಲೆ ಬರದು ತೋರಸ್ತಿದ್ರು. ಹಿಂಗ. ಸುತ್ತಬೇಕು ಅಂದ ಕೂಡ್ಲೆ ನನ್ನ ಬೆರಳು ತಾನ ಹೊಂಟುಬಿಟ್ಟದ."

ಮೊದಲು ನಕ್ಕವಳು ನಾನೇ. ನಕ್ಕು ನಕ್ಕು ಕಣ್ಣೊರೆಸಿಕೊಂಡೆ. ನಸ್ರೀನಳ ಪ್ರೋಗ್ರಾಮಿಗೆ ವಾದಿರಾಜನ ಗೋಡೆಗಳು ಎದುರಿಗಿದ್ದಾಗ ಹಿಂದಿನವಾಗಿಯೂ, ಹಿಂದಿದ್ದಾಗ ಎದುರಿನವಾಗಿಯೂ ಕಂಡಿದ್ದವು. ಇಬ್ಬರೂ ಪುಸ್ತಕದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು. ತಲೆಮಾರುಗಳಿಂದ ಬೆರಳಿಗೆ ಬಂದ ದಾರಿಯ ಬಗ್ಗೆ ಪುಸ್ತಕ ಬರೆದವನಿಗೇನು ಗೊತ್ತು!

"ನಂದು ನಾನು ಉಲ್ಟಾ ಮಾಡ್ತೀನಿ" ಎಂದು ವಾದಿರಾಜ ಕೀಬೋರ್ಡಿಗೆ ಕೈ ಹಾಕಿದ. ನಸ್ರೀನ್ ತಡೆದಳು. "ಬ್ಯಾಡ. ಅಂಕಿ ತಿದ್ದಾಕ ಹೋದ್ರ ಹೊಸ ತಪ್ಪು ಬೀಳ್ತಾವ. ಯಾವ ಗೋಡಿ ಯಾವ ಕಡಿಂದ ಸುತ್ತೇದ ಅಂತ ಮೆಷಿನ್ನಿಗೇ ಹೇಳೂಣು." ಅವಳು ಪ್ರತಿ ಗೋಡೆಗೂ ಒಂದು ಚಿಹ್ನೆ ಸೇರಿಸಿದಳು, ತನ್ನವಕ್ಕೆ ಪ್ಲಸ್, ಅವನವಕ್ಕೆ ಮೈನಸ್. ಲೆಕ್ಕದ ಕೊನೆಗೆ ಆ ಚಿಹ್ನೆಯಿಂದ ಗುಣಿಸಿದರೆ ಅವನ ಗೋಡೆಗಳ ಉಲ್ಟಾ ಸುತ್ತು ಸರಿಹೋಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಶಕ್ತಿನಗರದ ಚಿಮಣಿ ಅಷ್ಟು ಹತ್ತಿರವಿದ್ದೂ ನಮಗೆ ಆ ಭಾಗ್ಯ ತಪ್ಪಿರಲಿಲ್ಲ. "ನೌಕರಿಗೆ ಸೇರಿದ ಮ್ಯಾಲ ಮೊದಲ ಈ ಲ್ಯಾಬಿಗೆ ಕರೆಂಟ್ ಬಿಡವ್ವಾ" ಎಂದು ರೇಗಿಸಿದೆ. ಆಗ ಕಣ್ಣು ತುಂಬಿಕೊಂಡಿದ್ದವಳು ಈಗ ನಕ್ಕಳು. ಸಂಜೆ ಕರೆಂಟು ಬಂದಾಗ ಚಿಹ್ನೆಗಳನ್ನು ಮತ್ತೆ ಸೇರಿಸಿ ಪ್ರೋಗ್ರಾಮ್ ಓಡಿಸಿದೆವು. ಬುರುಜು ಗೋಡೆ ಗೋಡೆಯಾಗಿ, ಗಂಭೀರವಾಗಿ, ಪೂರ್ತಿ ಒಂದು ಸುತ್ತು ಬಂತು.

ಮರುದಿನ ಎಕ್ಸಾಮಿನರ್ ಬುರುಜನ್ನು ಎರಡು ಸಲ ತಿರುಗಿಸಿ ನೋಡಿದರು. ಪ್ರೋಗ್ರಾಮ್ ಓದುತ್ತ ಆ ಚಿಹ್ನೆಯ ಹತ್ತಿರ ನಿಂತರು. "ಇದ್ಯಾಕಮ್ಮಾ? ಎಲ್ಲಾ ಒಂದೇ ದಿಕ್ಕಿಗೆ ಸುತ್ತಿದ್ದರೆ ಇದು ಬೇಕಾಗುತ್ತಿರಲಿಲ್ಲವಲ್ಲ?"

ನಸ್ರೀನ್ ವಾದಿರಾಜನ ಕಡೆ ಒಮ್ಮೆ ನೋಡಿ ಹೇಳಿದಳು: "ಹೌದ್ರೀ ಸರ್. ಆದ್ರ ಸುತ್ತಿದವರು ಇಬ್ಬರು ಅದೀವ್ರಿ."

ಅವರು ಇಬ್ಬರನ್ನೂ ಒಮ್ಮೆ ನೋಡಿ, ಅಂಕಪಟ್ಟಿ ಎಳೆದುಕೊಂಡು ಪಾಸು ಎಂದು ಬರೆದರು. ಆ ಬೇಸಿಗೆಯಲ್ಲೇ ನಸ್ರೀನ್ ಶಕ್ತಿನಗರದ ಬಸ್ಸು ಹತ್ತಿದಳು. ವಾದಿರಾಜ ಮಾನ್ವಿಗೆ ಹೋಗಿ ಗಣಿತದ ಮಾಸ್ತರನಾದ. ಅಂಥ ಇಬ್ಬರು ಒಟ್ಟಿಗೆ ಸಿಕ್ಕ ವರ್ಷ ನನಗೆ ಮತ್ತೆ ಬರಲಿಲ್ಲ.

ನಿವೃತ್ತಳಾಗುವವರೆಗೂ ಪ್ರತಿ ಹೊಸ ತರಗತಿಯ ಮೊದಲ ದಿನ ನಾನು ಬೋರ್ಡಿನ ಮೇಲೆ ಒಂದು ಚೌಕ ಬರೆದು, ಒಬ್ಬೊಬ್ಬರನ್ನೇ ಕರೆದು "ಸುತ್ತಿ ತೋರಿಸು" ಎನ್ನುತ್ತಿದ್ದೆ. ಮಕ್ಕಳು ಮುಸಿಮುಸಿ ನಗುತ್ತಿದ್ದರು. ಯಾರ ಬೆರಳು ಯಾವ ಕಡೆಗೆ ಹೋಗುತ್ತದೆ ಎಂದು ನೋಡಿಕೊಂಡ ಮೇಲೆಯೇ ಪುಸ್ತಕ ತೆರೆಯುತ್ತಿದ್ದೆ.