ಅಕ್ಕನ ಗೊಬ್ಬರದ ಗುಂಡಿ

ಗೊಬ್ಬರದ ಗುಂಡಿಯ ಪಕ್ಕ ಕೂತು ಚಹಾ ಕುಡಿಯುವ ಚಟ ನನಗೆ ಈ ಬೇಸಿಗೆಯಲ್ಲಿ ಹತ್ತಿತು. ಗೃಹಸ್ಥನೊಬ್ಬ, ಅದರಲ್ಲೂ ಶಾಲೆಯ ಮಾಸ್ತರ, ಹೇಳಿಕೊಳ್ಳುವಂಥ ಸಂಗತಿಯಲ್ಲ ಇದು. ಹುನಗುಂದದ ನಮ್ಮ ಮನೆಗೆ ಮುಂದೆ ಕಟ್ಟೆಯಿದೆ, ಬೇವಿನ ನೆರಳಿದೆ, ಹಾದುಹೋಗುವವರ ನಮಸ್ಕಾರವೂ ಪುಕ್ಕಟೆ ಸಿಗುತ್ತದೆ. ಅದೆಲ್ಲ ಬಿಟ್ಟು ನಾನು ಬಟ್ಟಲು ಹಿಡಿದು ಹಿತ್ತಲಿಗೆ ನಡೆಯುತ್ತೇನೆ. ಹೆಂಡತಿ ಇಂದಿರಾ ಮೊದಮೊದಲು ಸುಮ್ಮನಿದ್ದಳು. ಆಮೇಲೆ ಒಂದು ದಿನ ಗೋಡೆಯಾಚೆಯ ನೆರೆಯವಳಿಗೆ ಹೇಳಿದಳು, ನನಗೆ ಕೇಳುವಷ್ಟು ಗಟ್ಟಿಯಾಗಿ: "ಮಂದಿ ತ್ವಾಟದಾಗ ಕೂತು ಚಾ ಕುಡೀತಾರವಾ. ನಮ್ಮನಿಯವ್ರು ನೋಡು, ತಿಪ್ಪ್ಯಾಗ."

ತಿಪ್ಪೆಯಲ್ಲ, ಗುಂಡಿ. ಮಾಸ್ತರಿಕೆಯ ದೋಷ, ತಿದ್ದದೆ ಇರಲಾರೆ. ತಿಪ್ಪೆ ತಾನಾಗಿ ಬೆಳೆಯುತ್ತದೆ. ಕೋಳಿ ಅದನ್ನು ಕೆದರುತ್ತದೆ, ನಾಯಿ ಅದರ ಮೇಲೆ ಮಲಗುತ್ತದೆ. ಗುಂಡಿಗೆ ಅಳತೆಯಿದೆ, ಶಿಸ್ತಿದೆ. ತಳಕ್ಕೆ ತೊಗರಿ ಕಟ್ಟಿಗೆ, ಅದರ ಮೇಲೆ ಮನೆಯ ಕಸ, ಸಗಣಿ ನೀರು, ಒಲೆಯ ಬೂದಿ, ಒಂದಿಷ್ಟು ಮಣ್ಣು. ಹೀಗೆ ಪದರದ ಮೇಲೆ ಪದರ. ತುಂಬಿದ ಮೇಲೆ ಕೆಸರು ಮೆತ್ತಿ ಬಾಯಿ ಮುಚ್ಚುವುದು. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಬ್ಲಾಕ್ ಆಫೀಸಿನ ಗ್ರಾಮಸೇವಕನೊಬ್ಬ ಮನೆಮನೆಗೆ ತಿರುಗಿ ಇದನ್ನು ಹೇಳಿಕೊಟ್ಟ. ಅದನ್ನೇ ನಾನು ಶಾಲೆಯಲ್ಲಿ ಪಾಠ ಮಾಡಿದೆ. ಮಾಡಿ ತೋರಿಸಿದವಳು ಮಾತ್ರ ನಮ್ಮ ಗಂಗಕ್ಕ.

ಗಂಗಕ್ಕ ನನ್ನ ಹಿರಿಯಕ್ಕ. ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ಅವನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿ ಸತ್ತ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಅವಳ ಕೈಯಲ್ಲಿ ರಂಗೋಲಿ ಬಹಳ ಚೆನ್ನಾಗಿ ಬರುತ್ತಿತ್ತು. ಆದರೆ ಹೊಸ್ತಿಲಿಗೆ ರಂಗೋಲಿ ಹಾಕುವುದು ನಮ್ಮಲ್ಲಿ ಮುತ್ತೈದೆಯರ ಪಾಲು. ಇಂದಿರಾ ಹಾಕುತ್ತಿದ್ದಳು, ಅಕ್ಕ ಒಳಗಿನಿಂದ ನೋಡುತ್ತಿದ್ದಳು. ಗುಂಡಿಯ ಬಾಯಿ ಮುಚ್ಚಿದ ಮೊದಲ ವರ್ಷ ಅವಳು ಕೆಸರಿನ ಮೇಲೆ ಸಗಣಿ ಸಾರಿಸಿ, ಅಂಗಳದಂತೆ ನುಣುಪು ಮಾಡಿ, ಪುಡಿ ತಂದು ದೊಡ್ಡದೊಂದು ಕಮಲ ಬಿಡಿಸಿಬಿಟ್ಟಳು. ನಾನು ಬೆರಗಾಗಿ ನೋಡಿದಾಗ, "ಹಿಂಗ್ಯಾಕ ನೋಡ್ತಿ? ಕಸಕ್ಕ ಯಾವ ಶಾಸ್ತ್ರ ಅಡ್ಡ ಬರ್ತದ?" ಎಂದಳು. ಅಂದಿನಿಂದ ಮಂಗಳವಾರ, ಶುಕ್ರವಾರ ಗುಂಡಿಗೆ ರಂಗೋಲಿ ತಪ್ಪಲಿಲ್ಲ.

ಮರುವರ್ಷ ಅದೇ ಗ್ರಾಮಸೇವಕ ಪರೀಕ್ಷೆಗೆಂದು ಬಂದ. ಹಿತ್ತಲ ಬಾಗಿಲಲ್ಲೇ ನಿಂತು ಚಪ್ಪಲಿ ಬಿಟ್ಟು, ಕೈಮುಗಿದು, "ಇದ್ಯಾವ ದೇವರ್ರಿ ಅಕ್ಕಾರ?" ಎಂದು ಕೇಳಿದ. "ಮರ್ತಿಯೇನೋ ತಮ್ಮಾ," ಎಂದಳು ಅಕ್ಕ, "ಹ್ವಾದ ವರ್ಷ ನೀನ ಬಂದು ಸ್ಥಾಪನಾ ಮಾಡಿ ಹೋಗಿದ್ದೆಲ್ಲಾ!" ಬಡಪಾಯಿ, ಚಪ್ಪಲಿ ಮೆಟ್ಟುವುದೋ ಬಿಡುವುದೋ ತಿಳಿಯದೆ ಬರಿಗಾಲಲ್ಲೇ ಗುಂಡಿಯ ಅಳತೆ ತೆಗೆದುಕೊಂಡು ಹೋದ.

ಈ ಮಾಘದಲ್ಲಿ ಅಕ್ಕ ಹೋದಳು. ದೊಡ್ಡ ಕಾಯಿಲೆಯೇನಲ್ಲ, ಸಣ್ಣ ಜ್ವರ. ಅದಕ್ಕೆ ತುಸು ಮೊದಲು ಈ ವರ್ಷದ ಗುಂಡಿಗೆ ಕೆಸರು ಮೆತ್ತಿ ಮುಗಿಸಿದ್ದಳು.

ನಮ್ಮ ಸೀಮೆಯಲ್ಲಿ ಸತ್ತವರಿಗೆ ಕಲ್ಲಿನ ಕೊರತೆಯಿಲ್ಲ. ಬಾದಾಮಿಗೆ ಹೋಗಿ, ಪಟ್ಟದಕಲ್ಲಿಗೆ ಹೋಗಿ. ಆಳಿದವರ ಹೆಸರು, ಕಟ್ಟಿಸಿದವರ ಹೆಸರು ಇನ್ನೂ ಓದಲು ಬರುತ್ತವೆ. ಊರ ಅಗಸೆಬಾಗಿಲಲ್ಲಿ, ಕಳ್ಳರಿಂದ ದನ ಬಿಡಿಸಲು ಹೋಗಿ ಸತ್ತವನಿಗೂ ಒಂದು ವೀರಗಲ್ಲಿದೆ. ಮನೆಯ ದನದ ಸಗಣಿ ಬಳಿದೇ ಮುದುಕಿಯಾದವಳಿಗೆ ಯಾರೂ ಕಲ್ಲು ನಿಲ್ಲಿಸಿದ್ದಿಲ್ಲ. ನಮ್ಮಲ್ಲಿ ಹೂಳುವ ಪದ್ಧತಿಯೂ ಇಲ್ಲ. ಸುಟ್ಟೆವು, ಬೂದಿಯನ್ನು ಕೂಡಲಸಂಗಮದ ಹೊಳೆಯಲ್ಲಿ ಬಿಟ್ಟೆವು. ನೀರು ತನ್ನ ಪಾಡಿಗೆ ಹೋಯಿತು. ಮನೆಗೆ ಬಂದ ಮೇಲೆ ನನಗೆ ತಿಳಿದದ್ದು, ಅವಳ ಹತ್ತಿರ ಹೋಗಿ ಕೂರಬೇಕೆನಿಸಿದರೆ ಹೋಗುವುದಕ್ಕೊಂದು ಜಾಗವಿಲ್ಲವೆಂದು.

ಆಗ ಕಣ್ಣಿಗೆ ಬಿದ್ದದ್ದು ಈ ಗುಂಡಿ. ರಂಗೋಲಿ ಅಳಿಸಿಹೋಗಿತ್ತು. ಆದರೆ ಕೆಸರು ಮೆತ್ತಿದ ಅವಳ ಕೈಯ ಸುತ್ತುಗಳು, ಅರ್ಧಚಂದ್ರ ಅರ್ಧಚಂದ್ರವಾಗಿ, ಒಣಗಿ ಗಟ್ಟಿಯಾಗಿ ಉಳಿದಿದ್ದವು. ಮೇಲೆ ಅಂಗೈ ಇಟ್ಟರೆ ಒಳಗಿನ ಬಿಸಿ ತಾಕುತ್ತಿತ್ತು. ಕಸ ಕೊಳೆಯುವಾಗ ಕಾವು ಹುಟ್ಟುತ್ತದೆಂದು ಮಕ್ಕಳಿಗೆ ಪಾಠ ಹೇಳಿದವನೇ ನಾನು. ಆದರೂ ಅಂಗೈ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಹೀಗೆ ಚಹಾ ಅಲ್ಲಿಗೇ ಬಂತು.

ತೊಂದರೆಯೆಂದರೆ ಗುಂಡಿ ನಮಗಾಗಿ ಇರುವುದಲ್ಲ. ನಮಗೆ ಹೊಲವಿಲ್ಲ. ಗೊಬ್ಬರವೆಲ್ಲ ಮಕ್ತುಮಸಾಬನದು. ಅಮೀನಗಡದ ರಸ್ತೆಗೆ ಅವನ ಎರೆ ಹೊಲವಿದೆ, ಕಪ್ಪು ಮಣ್ಣಿನದು. ಪ್ರತಿ ಬೇಸಿಗೆ ಅವನ ಗಾಡಿ ಬಂದು ಗೊಬ್ಬರ ಹೇರಿಕೊಂಡು ಹೋಗುತ್ತದೆ. ಜೋಳ ಹಾಲುಗಾಳು ತುಂಬಿದಾಗ ಅವನ ಮನೆಯಿಂದ ಸುಟ್ಟ ಎಳೆ ತೆನೆಯ ಸೀತನಿ ಬರುತ್ತದೆ. ಅಕ್ಕನೂ ಅವನೂ ಮಾಡಿಕೊಂಡ ಒಪ್ಪಂದ. ಮಳೆ ಬೀಳುವ ಮೊದಲು ಗೊಬ್ಬರ ಹೊಲ ಸೇರಬೇಕು. ಬಿದ್ದ ಮೇಲೆ ಎರೆಯಲ್ಲಿ ಗಾಲಿ ಹೂತುಹೋಗುತ್ತದೆ.

ಚೈತ್ರದಲ್ಲಿ ಮಕ್ತುಮಸಾಬ ಬಂದಾಗ ಇನ್ನೂ ಕೊಳೆತಿಲ್ಲವೆಂದೆ. ವೈಶಾಖದಲ್ಲಿ ಬಂದಾಗಲೂ ಅದನ್ನೇ ಅಂದೆ. ಆ ಬಿಸಿಲಿಗೆ ಕಲ್ಲು ಕೂಡ ಕೊಳೆತಿರುತ್ತಿತ್ತು. ಅವನು ಗುಂಡಿಯನ್ನೂ ನನ್ನ ಬಟ್ಟಲನ್ನೂ ನೋಡಿ ಹೋದ. ಮೂಡಲಲ್ಲಿ ಮೋಡ ಕಟ್ಟಿದ ದಿನ ಮಾತ್ರ ಎತ್ತು ಹೂಡಿಕೊಂಡೇ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಮುಗಲ ನೋಡ್ರಿ ಮಾಸ್ತರ."

"ನೋಡೇನಿ."

"ಏನರ ಅಂತೇನಿ, ಸಿಟ್ಟಾಗಬ್ಯಾಡ್ರಿ. ಶುಕ್ರವಾರ ನಮಾಜ್ ಮುಗಿಸಿ ನಾ ನಮ್ಮಪ್ಪನ ಗೋರಿ ಕಡಿ ಹೋಗಿ ಕುಂದರ್ತೇನಿ. ಕುಂತು ಬೈತೇನಿ. ಆ ಮಡ್ಡಿ ಹೊಲಾ ಯಾಕ ಮಾರಿದಿ ಮುದುಕಾ ಅಂತ. ಬೈದ್ರ ಹಗುರ ಆಗತೈತಿ. ನಿಮಗ ಬೈಯಾಕೂ ಒಂದು ಜಾಗಾ ಇಲ್ಲ, ನನಗ ತಿಳೀತೈತಿ."

ಬಾಗಿಲಲ್ಲಿ ನಿಂತ ಇಂದಿರಾ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಅಕ್ಕಾರು ಇದ್ದಿದ್ರ ಇಷ್ಟೊತ್ತಿಗೆ ನಿಮ್ಮನ್ನೂ ಅದರಾಗ ಹಾಕಿ ಮುಚ್ಚತಿದ್ರು."

ಸಲಿಕೆ ನಾನೇ ತಂದೆ. ಮೊದಲ ಏಟಿಗೆ ಕೈಯ ಸುತ್ತುಗಳು ಹೆಂಚಿನಂತೆ ಒಡೆದವು. ಒಳಗೆ ಏನನ್ನು ಹುಡುಕಿದೆನೋ ನನಗೇ ಗೊತ್ತಿಲ್ಲ. ಅವಳು ಹೆಚ್ಚಿದ ಬದನೆಯ ತೊಟ್ಟು, ಅವಳು ಸೋಸಿದ ಚಹಾಪುಡಿ, ಅವಳ ಹರಿದ ಸೀರೆಯ ಚಿಂದಿ, ಏನಾದರೊಂದು. ಏನೂ ಇರಲಿಲ್ಲ. ಕಸ ಹೋಗಿತ್ತು, ನಾತವೂ ಹೋಗಿತ್ತು. ಕಪ್ಪಗೆ, ಪುಡಿಪುಡಿಯಾಗಿ, ಮೇಲಿಂದ ತಳದವರೆಗೆ ಒಂದೇ ಮಣ್ಣು. ಯಾವುದು ಅವಳು ಎಸೆದದ್ದು, ಯಾವುದು ನಾವು ಎಸೆದದ್ದು, ಬೇರೆ ಮಾಡಲು ಬರುವಂತಿರಲಿಲ್ಲ.

ಗಾಡಿಯ ಹಿಂದೆ ಹೊಲಕ್ಕೆ ನಡೆದೆ. ಮೊದಲ ಹೇರು ಇಳಿಸುವಾಗ, ನಾಚಿಕೆ ಬಿಟ್ಟು, ಇದೆಲ್ಲವನ್ನೂ ಒಂದು ಮೂಲೆಯಲ್ಲೇ ಗುಡ್ಡೆ ಹಾಕಬಹುದೇ ಎಂದು ಕೇಳಿದೆ. ಮಕ್ತುಮಸಾಬ ನಗಲಿಲ್ಲ.

"ಹಾಕೂಣ್ರಿ. ಹೊಲಾ ನಂದು, ಗೊಬ್ಬರ ನಿಮ್ಮದು. ಆದ್ರ ಆ ಮೂಲ್ಯಾಗ ಜ್ವಾಳ ಏಳಂಗಿಲ್ಲ."

ಅದು ನನಗೂ ಗೊತ್ತಿತ್ತು. ಒಂದೇ ಕಡೆ ಒಟ್ಟಿದ ಗೊಬ್ಬರ ಬೆಳೆಯನ್ನು ಸುಡುತ್ತದೆ. ಅವನು ಎತ್ತಿನ ಕೊರಳು ತುರಿಸುತ್ತ ನನ್ನ ಉತ್ತರಕ್ಕೆ ಕಾದ. ಹೊಲದ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದೆ. ಹೊಸ್ತಿಲಷ್ಟು ಜಾಗವೂ ಸಿಗದವಳನ್ನು ಮತ್ತೆ ಒಂದು ಮೂಲೆಗೆ ಕೂರಿಸಲು ಹೊರಟಿದ್ದೆ.

"ಬ್ಯಾಡ. ಹರವೂಣು," ಎಂದೆ.

ಬುಟ್ಟಿ ತುಂಬಿ ತುಂಬಿ ನಾನೂ ಚೆಲ್ಲಿದೆ. ಗಾಳಿ ಒಂದಿಷ್ಟನ್ನು ನನ್ನ ಮುಖಕ್ಕೇ ತಂದು ಹಾಕಿತು. ಕೊನೆಯ ಗಾಡಿ ಬರಿದಾದಾಗ ಹೊಲದಲ್ಲಿ ಗೊಬ್ಬರವಿದೆಯೆಂದು ಹೇಳಿದರಷ್ಟೇ ತಿಳಿಯಬೇಕು, ಹಾಗಿತ್ತು. ಕಪ್ಪಿನಲ್ಲಿ ಕಪ್ಪು ಸೇರಿಹೋಗಿತ್ತು. ಸೊಂಟ ನೋಯುತ್ತಿತ್ತು. ಬದುವಿನ ಮೇಲೆ ಸಿಕ್ಕಲ್ಲಿ ಕೂತೆ.

"ಏಳ್ರಿ ಮಾಸ್ತರ, ಅಲ್ಲಿ ಕೆಂಪಿರುವಿ ಅದಾವು!" ಎಂದು ಮಕ್ತುಮಸಾಬ ಕೂಗಿದ.

ಎದ್ದು, ಧೋತರ ಝಾಡಿಸಿಕೊಂಡು, ತುಸು ಆಚೆ ಹೋಗಿ ಕೂತೆ. ಅಲ್ಲಿಯೂ ಅಕ್ಕನ ಹತ್ತಿರವೇ ಕೂತಂತಿತ್ತು; ಏನೂ ವ್ಯತ್ಯಾಸವಾಗಲಿಲ್ಲ.